ಹಂದಿಯ ಮೈಗೆ ಮಾಂಸ ಬರುವುದು ಎಲ್ಲಿಂದ?

2012ರ ಜುಲೈನಲ್ಲಿ ರೋಮ್ ನಗರದಲ್ಲಿ ಸೇರಿದ್ದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ ಹಂದಿಯ ಆಹಾರಕ್ಕೆ ಬೆರೆಸುವ ಒಂದು ಪುಡಿಯ ವಿಚಾರವನ್ನು ಮತಕ್ಕೆ ಹಾಕಿತು. ಜಗತ್ತಿನ ಆಹಾರ ಸುರಕ್ಷತೆಯ ಮಾನದಂಡಗಳನ್ನು ರೂಪಿಸುವ ಈ ಆಯೋಗದಲ್ಲಿ ಎಲ್ಲರೂ ಒಪ್ಪುವ ತನಕ ಚರ್ಚೆ ನಡೆಸುವುದು ರೂಢಿ. ಮತ ಎಣಿಸುವ ಪ್ರಸಂಗ ಬರುವುದು ಅಪರೂಪ. ಪುಡಿಯ ಹೆಸರು ರಾಕ್ಟೊಪಮೈನ್. ಅದನ್ನು ತಿಂದ ಹಂದಿಯ ಮಾಂಸದಲ್ಲಿ ಎಷ್ಟು ಶೇಷ ಉಳಿದರೆ ಅಡ್ಡಿಯಿಲ್ಲ ಎಂಬ ಮಿತಿಗೆ 69 ರಾಷ್ಟ್ರಗಳು ಹೌದೆಂದವು, 67 ಬೇಡವೆಂದವು. ಎರಡೇ ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಈ ಪುಡಿ ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಅಲ್ಲಿ ತಕರಾರೇ ಇರಲಿಲ್ಲ. ಅದನ್ನು ತಿಂದ ಹಂದಿ ಬೇಗ ಬೆಳೆಯುತ್ತದೆ, ಕಡಿಮೆ ತಿನ್ನುತ್ತದೆ, ನೆಣ ಕಡಿಮೆಯಾಗಿ ಮಾಂಸ ಹೆಚ್ಚಾಗುತ್ತದೆ ಎಂಬುದನ್ನು ಎರಡೂ ಪಾಳಯ ಒಪ್ಪಿದ್ದವು. ಹಾಗಿದ್ದೂ ಜಗತ್ತು ಸರಿಸುಮಾರು ಅರ್ಧಕ್ಕರ್ಧ ಒಡೆದದ್ದೇಕೆ? ಪಶು ಆಹಾರದ ಪೂರಕಗಳನ್ನು ನಾವು ಅಳೆಯುವ ಕ್ರಮದಲ್ಲೇ ಒಂದು ಲೋಪವಿದೆ. ‘ಕೆಲಸ ಮಾಡುತ್ತದೆಯೇ’ ಎಂದು ಕೇಳಿ ಸುಮ್ಮನಾಗುತ್ತೇವೆ. ಹೆಚ್ಚಿಗೆ ಬಂದ ಮಾಂಸ ಎಲ್ಲಿಂದ ಬಂತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳುವುದಿಲ್ಲ. ಯಾವ ಪೂರಕವೂ ಶೂನ್ಯದಿಂದ ಮಾಂಸವನ್ನು ಸೃಷ್ಟಿಸುವುದಿಲ್ಲ. ಒಂದೋ ಅದು ಆಹಾರದಲ್ಲಿರುವ ಕೊರತೆಯನ್ನು ತುಂಬುತ್ತದೆ, ಇಲ್ಲವೇ ಬೆಳವಣಿಗೆಯ ಅಡ್ಡಿಯನ್ನು ತೆಗೆಯುತ್ತದೆ, ಅದೂ ಅಲ್ಲದಿದ್ದರೆ ದೇಹದ ಆದೇಶವನ್ನೇ ತಿದ್ದುತ್ತದೆ. ಈ ಮೂರೂ ದಾರಿಗಳಲ್ಲಿ ತೂಕ ಏರುತ್ತದೆ. ಲೆಕ್ಕ ಚುಕ್ತಾ ಆಗುವ ಜಾಗ ಮಾತ್ರ ಬೇರೆ ಬೇರೆ.

ಮೊದಲು ಹಂದಿಯ ಮೈಯೊಳಗಿನ ಜಮಾಖರ್ಚನ್ನು ನೋಡಬೇಕು. ತಿಂದ ಆಹಾರದಲ್ಲಿ ಒಂದು ಪಾಲು ಉಸಿರಾಟಕ್ಕೆ, ಮೈ ಬಿಸಿಗೆ, ಓಡಾಟಕ್ಕೆ, ರೋಗದೊಡನೆ ಹೋರಾಟಕ್ಕೆ ವ್ಯಯವಾಗುತ್ತದೆ. ಮಿಕ್ಕದ್ದು ಸ್ನಾಯುವಾಗಿಯೋ ನೆಣವಾಗಿಯೋ ಶೇಖರವಾಗುತ್ತದೆ. ಒಂದು ಗ್ರಾಂ ಪ್ರೋಟೀನಿನಲ್ಲಿ ಸುಮಾರು 5.6 ಕಿಲೋಕ್ಯಾಲರಿ, ಒಂದು ಗ್ರಾಂ ಕೊಬ್ಬಿನಲ್ಲಿ 9ಕ್ಕಿಂತ ಹೆಚ್ಚು ಕಿಲೋಕ್ಯಾಲರಿ ಶಕ್ತಿಯಿದೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ನೀರಿನದು. ಸ್ನಾಯುವಿನ ನಾಲ್ಕು ಪಾಲಿನಲ್ಲಿ ಹೆಚ್ಚುಕಡಿಮೆ ಮೂರು ಪಾಲು ನೀರು. ನೆಣದಲ್ಲಿ ನೀರಿನ ಅಂಶ ತೀರ ಕಡಿಮೆ. ಆದ್ದರಿಂದ ಒಂದು ಕಿಲೋ ನೆಣ ಬೆಳೆಸಲು ಒಂದು ಕಿಲೋ ಮಾಂಸಕ್ಕೆ ತಗಲುವ ಆಹಾರದ ಮೂರು-ನಾಲ್ಕು ಪಟ್ಟು ಬೇಕಾಗುತ್ತದೆ. ಸಾಕುವವನು ನೆಣ ಬೇಡವೆನ್ನುವುದಕ್ಕೆ ತಿನ್ನುವವನ ಆರೋಗ್ಯದ ಚಿಂತೆಗಿಂತ ಈ ಲೆಕ್ಕವೇ ದೊಡ್ಡ ಕಾರಣ. ಇನ್ನೊಂದು ಮಾತೂ ಇದೆ. ದಿನಕ್ಕೆ ಎಷ್ಟು ಸ್ನಾಯು ಕಟ್ಟಬಹುದು ಎಂಬುದಕ್ಕೆ ತಳಿ, ಲಿಂಗ, ವಯಸ್ಸುಗಳು ಒಂದು ಮೇಲ್ಮಿತಿ ಹಾಕಿರುತ್ತವೆ. ಆ ಮಿತಿ ಮುಟ್ಟಿದ ಮೇಲೂ ಹಂದಿ ತಿನ್ನುತ್ತಲೇ ಇದ್ದರೆ ಹೆಚ್ಚಿನ ಶಕ್ತಿಯೆಲ್ಲ ನೆಣವಾಗುತ್ತದೆ. ಸ್ನಾಯು ಕಟ್ಟಲು ಬೇಕಾದ ಯಾವುದಾದರೊಂದು ಸಾಮಗ್ರಿ ಕಡಿಮೆ ಬಿದ್ದರೂ ಇದೇ ಗತಿ. ಕೊಬ್ಬಿದ ಹಂದಿ ಎಂದರೆ ಅತಿಯಾಗಿ ತಿಂದ ಹಂದಿ ಎಂದಷ್ಟೇ ಅಲ್ಲ, ಹೊಟ್ಟೆ ತುಂಬ ತಿಂದೂ ಬೇಕಾದದ್ದು ಸಿಗದ ಹಂದಿ ಎಂದೂ ಅರ್ಥ.

ನೆಣ ಎಂದೆಂದೂ ಬೇಡವಾದ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹಂದಿ ಸಾಕುತ್ತಿದ್ದುದೇ ಬಹುಮಟ್ಟಿಗೆ ನೆಣಕ್ಕಾಗಿ. ಅದನ್ನು ಕರಗಿಸಿ ಅಡುಗೆಗೆ, ಸಾಬೂನಿಗೆ, ದೀಪಕ್ಕೆ ಬಳಸುತ್ತಿದ್ದರು. 1911ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಹತ್ತಿಬೀಜದ ಎಣ್ಣೆಯಿಂದ ತಯಾರಿಸಿದ ಕ್ರಿಸ್ಕೋ ಮಾರುಕಟ್ಟೆಗೆ ಬಂತು. ಎರಡನೇ ಮಹಾಯುದ್ಧದ ನಂತರ ಸಸ್ಯಜನ್ಯ ಎಣ್ಣೆಗಳು ಅಗ್ಗವಾದವು, ನೆಣಕ್ಕೆ ಬೆಲೆ ಬಿತ್ತು. ಅತ್ತ ಡೆನ್ಮಾರ್ಕ್ ಬ್ರಿಟನ್ನಿನ ಬೇಕನ್ ಮಾರುಕಟ್ಟೆಯನ್ನು ನಂಬಿಕೊಂಡು 1907ರಲ್ಲೇ ಮರಿಗಳ ಗುಣ ಅಳೆದು ತಂದೆತಾಯಿಗಳನ್ನು ಆರಿಸುವ ಪರೀಕ್ಷಾ ಕೇಂದ್ರ ತೆರೆದಿತ್ತು. ಉದ್ದ ಮೈಯ, ತೆಳು ನೆಣದ ಲ್ಯಾಂಡ್‌ರೇಸ್ ತಳಿ ಅಂಥ ಆಯ್ಕೆಯಲ್ಲೇ ಪಳಗಿತು. ಇಂದಿನ ಹಂದಿ ಅದರ ಮುತ್ತಜ್ಜನಿಗಿಂತ ಮಾಂಸಲವಾಗಿರುವುದರಲ್ಲಿ ಸಿಂಹಪಾಲು ಇಂಥ ತಳಿ ಆಯ್ಕೆಯದು. ಪೂರಕಗಳ ಜಾಹೀರಾತು ಓದುವಾಗ ಇದು ನೆನಪಿರಬೇಕು. ತಳಿ ಮೇಲ್ಮಿತಿಯನ್ನು ನಿಗದಿ ಮಾಡುತ್ತದೆ. ಬಹುಪಾಲು ಪೂರಕಗಳು ಮಾಡುವುದು ಆ ಮಿತಿಯವರೆಗೆ ತಲುಪಲು ನೆರವಾಗುವ ಕೆಲಸ.

ಕೊರತೆ ತುಂಬುವ ಪೂರಕಗಳಲ್ಲಿ ಮೊದಲ ಹೆಸರು ಲೈಸಿನ್. ಪ್ರೋಟೀನುಗಳೆಲ್ಲ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿಂದಾದವು. ಅವುಗಳಲ್ಲಿ ಸುಮಾರು ಹತ್ತನ್ನು ಬೆಳೆಯುವ ಹಂದಿ ತಾನೇ ಸಾಕಷ್ಟು ತಯಾರಿಸಿಕೊಳ್ಳಲಾರದು, ಆಹಾರದಲ್ಲೇ ಸಿಗಬೇಕು. ಮಲ್ಲಿಗೆ, ಕನಕಾಂಬರ, ಮರುಗವನ್ನು ಒಂದು ಕ್ರಮದಲ್ಲಿ ಸೇರಿಸಿ ಮಾಲೆ ಕಟ್ಟುವಾಗ ಕನಕಾಂಬರ ಮುಗಿದರೆ, ಬುಟ್ಟಿ ತುಂಬ ಮಲ್ಲಿಗೆ ಉಳಿದಿದ್ದರೂ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಮೆಕ್ಕೆಜೋಳ ತಿನ್ನುವ ಹಂದಿಯ ಮೈಯಲ್ಲಿ ಹೀಗೆ ಎಲ್ಲಕ್ಕಿಂತ ಮೊದಲು ಮುಗಿಯುವುದು ಲೈಸಿನ್. ಮೆಕ್ಕೆಜೋಳದಲ್ಲಿ ಅದರ ಪ್ರಮಾಣ ಶೇ. 0.25ರ ಆಸುಪಾಸು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 11ರಿಂದ 25 ಕೆ.ಜಿ. ತೂಕದ ಮರಿಯ ಆಹಾರದಲ್ಲಿ ಜೀರ್ಣವಾಗಬಲ್ಲ ಲೈಸಿನ್ ಶೇ. 1.23 ಇರಬೇಕು, 100 ಕೆ.ಜಿ. ದಾಟಿದ ಹಂದಿಗೆ ಶೇ. 0.61 ಸಾಕು. ಲೈಸಿನ್ ಮುಗಿದಾಗ ಮಿಕ್ಕ ಅಮೈನೊ ಆಮ್ಲಗಳು ಕಾದು ಕೂರುವುದಿಲ್ಲ. ಅವುಗಳಲ್ಲಿರುವ ಸಾರಜನಕವನ್ನು ಯಕೃತ್ತು ಬೇರ್ಪಡಿಸಿ ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಉಳಿದ ಇಂಗಾಲದ ಭಾಗ ಶಕ್ತಿಯಾಗಿ ಬಳಕೆಯಾಗುತ್ತದೆ ಅಥವಾ ನೆಣವಾಗುತ್ತದೆ. ಹೀಗೆ ಒಂದೇ ಒಂದು ಅಮೈನೊ ಆಮ್ಲದ ಕೊರತೆ ಬೆಳವಣಿಗೆಯನ್ನು ತಗ್ಗಿಸಿ, ನೆಣವನ್ನು ಹೆಚ್ಚಿಸಿ, ಗೊಬ್ಬರದ ಗುಂಡಿಯನ್ನೂ ನಾರಿಸುತ್ತದೆ.

ಈ ಕೊರತೆಗೆ ಹಳೆಯ ಪರಿಹಾರ ಸೋಯಾ ಹಿಂಡಿಯನ್ನು ಧಾರಾಳವಾಗಿ ಸುರಿಯುವುದು. ಅದರಿಂದ ಲೈಸಿನ್ ಸಿಗುತ್ತದೆ ನಿಜ, ಬೇಡದ ಅಮೈನೊ ಆಮ್ಲಗಳೂ ಜೊತೆಗೆ ಬರುತ್ತವೆ. ಹೊಸ ಪರಿಹಾರ ಸಿಕ್ಕಿದ್ದು ಜಪಾನಿನಲ್ಲಿ. 1956ರ ಸುಮಾರಿಗೆ ಕ್ಯೋವಾ ಹಕ್ಕೊ ಕಂಪನಿಯ ಸಂಶೋಧಕರು ಗ್ಲುಟಮಿಕ್ ಆಮ್ಲವನ್ನು ಉತ್ಪಾದಿಸುವ ಒಂದು ಬ್ಯಾಕ್ಟೀರಿಯವನ್ನು ಮಣ್ಣಿನಲ್ಲಿ ಗುರುತಿಸಿದರು. ಇಂದು ಅದರ ಹೆಸರು ಕೊರಿನಿಬ್ಯಾಕ್ಟೀರಿಯಂ ಗ್ಲುಟಾಮಿಕಮ್. ಅದರ ರೂಪಾಂತರಿತ ತಳಿಗಳು ಸಕ್ಕರೆಯನ್ನು ತಿಂದು ಲೈಸಿನ್ ಉಗುಳತೊಡಗಿದವು. ಹುದುಗಿಸಿ ತೆಗೆದ ಮೂರು ಕಿಲೋ ಲೈಸಿನ್ ಪುಡಿಗೆ 97 ಕಿಲೋ ಮೆಕ್ಕೆಜೋಳ ಸೇರಿಸಿದರೆ ಲೈಸಿನ್ ಮಟ್ಟಿಗೆ ಅದು 100 ಕಿಲೋ ಸೋಯಾ ಹಿಂಡಿಗೆ ಸಮ ಎಂಬುದು ಅಮೆರಿಕದ ಆಹಾರ ತಯಾರಕರ ಸ್ಥೂಲ ಲೆಕ್ಕ. ಈ ಪುಡಿಯ ವ್ಯಾಪಾರ ಎಷ್ಟು ದೊಡ್ಡದೆಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ: ಬೇರೆ ಕಂಪನಿಗಳೊಡನೆ ಸೇರಿ ಲೈಸಿನ್ ಮತ್ತು ಸಿಟ್ರಿಕ್ ಆಮ್ಲದ ಬೆಲೆಯನ್ನು ಗುಟ್ಟಾಗಿ ಏರಿಸಿದ್ದಕ್ಕೆ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್ಲೆಂಡ್ ಕಂಪನಿ 1996ರಲ್ಲಿ 10 ಕೋಟಿ ಡಾಲರ್ ದಂಡ ತೆರಬೇಕಾಯಿತು. ಲೈಸಿನ್ ತುಂಬಿದ ಮೇಲೆ ಕೊರತೆಯ ಸರದಿ ಥ್ರಿಯೊನಿನ್, ಮೆಥಿಯೊನಿನ್, ಟ್ರಿಪ್ಟೊಫಾನ್‌ಗಳಿಗೆ ಬರುತ್ತದೆ. ಲೈಸಿನ್ 100 ಇದ್ದರೆ ಥ್ರಿಯೊನಿನ್ ಸುಮಾರು 65, ಟ್ರಿಪ್ಟೊಫಾನ್ ಸುಮಾರು 18 ಇರಬೇಕೆಂಬ ‘ಆದರ್ಶ ಪ್ರೋಟೀನ್’ ಅನುಪಾತ ಈ ತಿಳಿವಳಿಕೆಯ ಫಲ. ಹೀಗೆ ಹೊಂದಿಸಿ ಒಟ್ಟು ಪ್ರೋಟೀನನ್ನು ಶೇಕಡಾ ಒಂದು ಅಂಶ ಇಳಿಸಿದರೆ ಹೊರಬೀಳುವ ಸಾರಜನಕ ಸುಮಾರು ಶೇ. 8-10ರಷ್ಟು ಇಳಿಯುತ್ತದೆ. ಇಲ್ಲಿ ಹೆಚ್ಚಿಗೆ ಬಂದ ಮಾಂಸದ ಮೂಲ ಸ್ಪಷ್ಟ: ಹಿಂದೆ ಮೂತ್ರದಲ್ಲಿ ಹರಿದುಹೋಗುತ್ತಿದ್ದದ್ದೇ ಈಗ ಸ್ನಾಯುವಾಗಿದೆ. ಯಾರ ಜೇಬಿಗೂ ಕತ್ತರಿ ಬಿದ್ದಿಲ್ಲ.

ಕಬ್ಬಿಣ ಮತ್ತು ಫೈಟೇಸ್ ಕೂಡ ಇದೇ ಸಾಲಿನವು. ಹಂದಿಮರಿ ಹುಟ್ಟುವಾಗ ಅದರ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನಕ್ಕೆ 7ರಿಂದ 10 ಮಿಲಿಗ್ರಾಂ ಬೇಕು, ತಾಯಿಯ ಹಾಲಿನಲ್ಲಿ ಸಿಗುವುದು ಒಂದು ಮಿಲಿಗ್ರಾಂ. ಕಾಡಿನಲ್ಲಿ ಮಣ್ಣು ಕೆದಕಿ ಈ ಕೊರತೆ ನೀಗಿಸಿಕೊಳ್ಳುವ ಪ್ರಾಣಿಯನ್ನು ನಾವು ಸಿಮೆಂಟ್ ನೆಲದ ಮೇಲೆ ಸಾಕುತ್ತೇವೆ. ಆದ್ದರಿಂದಲೇ ಮೊದಲ ವಾರದೊಳಗೆ ಕಬ್ಬಿಣದ ಚುಚ್ಚುಮದ್ದು ಕೊಡದಿದ್ದರೆ ಮರಿಗಳು ರಕ್ತಹೀನವಾಗಿ ಸೊರಗುತ್ತವೆ. ಕೊರತೆ ಹುಟ್ಟಿದ್ದು ನಮ್ಮ ಕಟ್ಟಡದಿಂದ, ಚುಚ್ಚುಮದ್ದು ಅದನ್ನು ಸರಿಪಡಿಸುತ್ತದೆ. ಇನ್ನು ಧಾನ್ಯ ಮತ್ತು ಹಿಂಡಿಗಳಲ್ಲಿರುವ ರಂಜಕದ ಮೂರನೇ ಎರಡು ಭಾಗದಷ್ಟು ಫೈಟೇಟ್ ಎಂಬ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಹಂದಿಯ ಕರುಳಿನಲ್ಲಿ ಸಾಕಷ್ಟಿಲ್ಲ. ತಿಂದ ರಂಜಕ ಸಗಣಿಯಲ್ಲಿ ಹೋಗಿ ಕೆರೆಹೊಳೆಗಳಲ್ಲಿ ಪಾಚಿ ಬೆಳೆಸುತ್ತಿತ್ತು, ಹಂದಿಗೆ ಬೇಕಾದ ರಂಜಕವನ್ನು ಗಣಿಯಿಂದ ತಂದು ಬೇರೆಯಾಗಿ ಬೆರೆಸಬೇಕಾಗುತ್ತಿತ್ತು. ಹಂದಿಗಳೂ ಕಾಲುವೆಗಳೂ ಕಿಕ್ಕಿರಿದ ನೆದರ್ಲೆಂಡ್ಸ್‌ನಲ್ಲಿ 1991ರಲ್ಲಿ ಫೈಟೇಸ್ ಕಿಣ್ವ ಪಶು ಆಹಾರಕ್ಕೆ ಬಂದದ್ದು ಆಕಸ್ಮಿಕವಲ್ಲ. ಇಂಥ ಪೂರಕಗಳನ್ನು ‘ರಾಸಾಯನಿಕ’ ಎಂದು ದೂರ ಇಡುವವರಿದ್ದಾರೆ. ಬ್ಯಾಕ್ಟೀರಿಯ ಮಾಡಿದ ಲೈಸಿನ್ ಅಣುವಿಗೂ ಸೋಯಾ ಕಾಳಿನ ಲೈಸಿನ್ ಅಣುವಿಗೂ ವ್ಯತ್ಯಾಸವಿಲ್ಲ. ಸಹಜವೇ ಕೃತಕವೇ ಎಂಬ ಗೆರೆ ಎಳೆದರೆ, ಒಳ್ಳೆಯದನ್ನೂ ಅನುಮಾನದ್ದನ್ನೂ ಒಂದೇ ಬುಟ್ಟಿಗೆ ಹಾಕಿದಂತಾಗುತ್ತದೆ.

ಅಡ್ಡಿ ತೆಗೆಯುವ ಪೂರಕಗಳ ಕಥೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಶುರುವಾಯಿತು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದಾಗ ಬೆಂಜಮಿನ್ ದುಗ್ಗರ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದಿದ್ದರು. ಅದೇ ಸಂಸ್ಥೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್, ಕೋಳಿಮರಿಗಳಿಗೆ ಬೇಕಾದ ಬಿ12 ಜೀವಸತ್ವದ ಅಗ್ಗದ ಮೂಲ ಹುಡುಕುತ್ತ, ಆರಿಯೊಮೈಸಿನ್ ತೆಗೆದು ಉಳಿದ ಹುದುಗಿನ ಚರಟವನ್ನು ತಿನ್ನಿಸಿ ನೋಡಿದರು. ಮರಿಗಳು ಬಿ12 ಲೆಕ್ಕಕ್ಕೂ ಮೀರಿ ಬೆಳೆದವು. ಚರಟದಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್‌ನ ಕೈವಾಡ ಅದು ಎಂದು 1950ರ ಹೊತ್ತಿಗೆ ಜಗಜ್ಜಾಹೀರಾಯಿತು. ಹಂದಿಗಳಲ್ಲೂ ಹಾಗೇ ಆಯಿತು. 1951ರಲ್ಲಿ ಅಮೆರಿಕ ಸರ್ಕಾರ ಪಶುವೈದ್ಯರ ಚೀಟಿಯಿಲ್ಲದೆ ಇವನ್ನು ಆಹಾರಕ್ಕೆ ಬೆರೆಸಲು ಅನುಮತಿ ಕೊಟ್ಟಿತು. ದಶಕಗಳ ಅಮೆರಿಕನ್ ಪ್ರಯೋಗಗಳನ್ನು ಒಟ್ಟು ಹಾಕಿದಾಗ ಎಳೆಯ ಮರಿಗಳ ಬೆಳವಣಿಗೆಯ ವೇಗ ಸುಮಾರು ಶೇ. 16 ಹೆಚ್ಚಿದ್ದು ಕಂಡಿತು. ಬೆಳೆದ ಹಂದಿಗಳಲ್ಲಿ ಶೇ. 4ರಷ್ಟು ಮಾತ್ರ. ವಯಸ್ಸಾದಂತೆ ಪರಿಣಾಮ ಕುಗ್ಗುವುದು ಒಂದು ಸುಳಿವು. ಸಂಶೋಧನಾ ಕೇಂದ್ರಗಳ ಶುಚಿಯಾದ ಕೊಟ್ಟಿಗೆಗಳಿಗಿಂತ ಸಾಮಾನ್ಯ ಫಾರಂಗಳಲ್ಲಿ ಪರಿಣಾಮ ಹೆಚ್ಚಿದ್ದುದು ಎರಡನೇ ಸುಳಿವು. ಮೂರನೆಯದು ಇನ್ನೂ ಖಚಿತವಾದದ್ದು. 1963ರಲ್ಲಿ ಬ್ರಿಟನ್ನಿನ ಮೇರಿ ಕೋಟ್ಸ್ ಮತ್ತು ಸಂಗಡಿಗರು ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಕೋಳಿಮರಿಗಳಿಗೆ ಪೆನಿಸಿಲಿನ್ ತಿನ್ನಿಸಿದಾಗ ಅವು ಹೆಚ್ಚು ಬೆಳೆಯಲಿಲ್ಲ. ಔಷಧಿಗೆ ಸ್ವಂತವಾಗಿ ಬೆಳೆಸುವ ಶಕ್ತಿಯಿಲ್ಲ. ಸೂಕ್ಷ್ಮಜೀವಿಗಳು ತಗ್ಗಿಸಿದ್ದ ಬೆಳವಣಿಗೆಯನ್ನು ಅದು ಮರಳಿಸುತ್ತದೆ, ಅಷ್ಟೇ.

ತಾಮ್ರ ಮತ್ತು ಸತುವಿನ ಕಥೆಯೂ ಹೀಗೆಯೇ. ಎಳೆ ಹಂದಿಗೆ ಪೋಷಕಾಂಶವಾಗಿ ಬೇಕಾದ ತಾಮ್ರ ಒಂದು ಕಿಲೋ ಆಹಾರದಲ್ಲಿ 5-6 ಮಿಲಿಗ್ರಾಂ. 1955ರಲ್ಲಿ ಇಂಗ್ಲೆಂಡಿನ ಬಾರ್ಬರ್, ಬ್ರೌಡೆ ಮತ್ತು ಮಿಚೆಲ್ 250 ಮಿಲಿಗ್ರಾಂ ಕೊಟ್ಟಾಗ ಆ್ಯಂಟಿಬಯಾಟಿಕ್ ಕೊಟ್ಟಷ್ಟೇ ಬೆಳವಣಿಗೆ ಕಂಡರು. ಹಾಲು ಬಿಡಿಸಿದ ಮರಿಗಳ ಭೇದಿಗೆ ಕಿಲೋಗೆ 2500 ಮಿಲಿಗ್ರಾಂವರೆಗೆ ಸತುವನ್ನು ಆಕ್ಸೈಡ್ ರೂಪದಲ್ಲಿ ಬೆರೆಸುವುದು ಯುರೋಪಿನಲ್ಲಿ ವಾಡಿಕೆಯಾಯಿತು. ಇವೆರಡೂ ಈ ಪ್ರಮಾಣದಲ್ಲಿ ಪೋಷಣೆಯಲ್ಲ, ಕರುಳಿನ ಸೂಕ್ಷ್ಮಜೀವಿಗಳ ಮೇಲಿನ ಪ್ರಹಾರ. ಲೋಹ ಕರಗಿ ಮಾಯವಾಗುವ ವಸ್ತುವಲ್ಲ. ತಿಂದದ್ದರ ಬಹುಪಾಲು ಸಗಣಿಯ ಮೂಲಕ ಹೊಲ ಸೇರಿ ಅಲ್ಲೇ ಕೂಡಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ 2022ರ ಜೂನ್‌ನಿಂದ ಸತುವಿನ ಈ ಬಳಕೆಯನ್ನು ನಿಲ್ಲಿಸಿತು. ಆ್ಯಂಟಿಬಯಾಟಿಕ್‌ನ ಋಣ ಇನ್ನೂ ದೊಡ್ಡದು. ಕಡಿಮೆ ಪ್ರಮಾಣದ ಔಷಧಿಯನ್ನು ತಿಂಗಳುಗಟ್ಟಲೆ ಸಾವಿರಾರು ಪ್ರಾಣಿಗಳಿಗೆ ಕೊಟ್ಟರೆ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಗಳು ಆಯ್ಕೆಯಾಗುತ್ತವೆ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಎಂಸಿಆರ್-1 ಎಂಬ ಜೀನನ್ನು ವರದಿ ಮಾಡಿದರು. ಬೇರೆಲ್ಲ ಔಷಧಿ ಸೋತಾಗ ಆಸ್ಪತ್ರೆಗಳು ಕೊನೆಗೆ ಕೈಹಾಕುವ ಕೊಲಿಸ್ಟಿನ್ ಅನ್ನೂ ಅದು ನಿಷ್ಫಲಗೊಳಿಸುತ್ತದೆ, ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಅದು ಸಿಕ್ಕಿತ್ತು. ಭಾರತ 2019ರ ಜುಲೈನಲ್ಲಿ ಸಾಕುಪ್ರಾಣಿಗಳ ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಹಂದಿಯ ಮೈಗೆ ಬಂದ ಆ ನಾಲ್ಕಾರು ಶೇಕಡಾ ಮಾಂಸದ ಬೆಲೆ ಫಾರಂನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಅದು ಮುಂದೆಂದೋ ಆಸ್ಪತ್ರೆಗೆ ಬರುವ, ಹಂದಿಮಾಂಸವನ್ನೇ ಮುಟ್ಟದಿರಬಹುದಾದ ರೋಗಿಯ ಖಾತೆಗೆ ಬರೆದಿತ್ತು.

ಇವನ್ನೆಲ್ಲ ನಿಲ್ಲಿಸಿದರೆ ಮರಿಗಳು ಸಾಯುತ್ತವೆ, ಮಾಂಸದ ಬೆಲೆ ಏರುತ್ತದೆ, ಕೊನೆಗೆ ಚಿಕಿತ್ಸೆಗೆಂದು ಇನ್ನೂ ಹೆಚ್ಚು ಔಷಧಿ ಸುರಿಯಬೇಕಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದಕ್ಕೆ ಉತ್ತರ ಡೆನ್ಮಾರ್ಕಿನಲ್ಲಿದೆ. ಅಲ್ಲಿ 1998ರಲ್ಲಿ ಬೆಳೆದ ಹಂದಿಗಳಿಗೂ, 2000ದ ಹೊತ್ತಿಗೆ ಮರಿಗಳಿಗೂ ಬೆಳವಣಿಗೆಗಾಗಿ ಆ್ಯಂಟಿಬಯಾಟಿಕ್ ಕೊಡುವುದು ನಿಂತಿತು. ಹಾಲು ಬಿಟ್ಟ ಮರಿಗಳಲ್ಲಿ ಭೇದಿ ಹೆಚ್ಚಿತು, ಚಿಕಿತ್ಸೆಗೆ ಬಳಸುವ ಔಷಧಿ ಕೆಲಕಾಲ ಏರಿತು. ಆಕ್ಷೇಪ ಅಷ್ಟರಮಟ್ಟಿಗೆ ನಿಜವಾಯಿತು. ಆದರೆ ಸಾಕಣೆದಾರರು ಕೈಕಟ್ಟಿ ಕೂರಲಿಲ್ಲ. ಹಾಲು ಬಿಡಿಸುವ ವಯಸ್ಸು ಮುಂದೆ ಹೋಯಿತು, ಆಹಾರ ಬದಲಾಯಿತು, ಕೊಟ್ಟಿಗೆಯ ಶುಚಿಗೆ ಗಮನ ಬಂತು. 1992ರಲ್ಲಿ 1.84 ಕೋಟಿ ಇದ್ದ ಹಂದಿಗಳ ವಾರ್ಷಿಕ ಉತ್ಪಾದನೆ 2008ರಲ್ಲಿ 2.71 ಕೋಟಿಗೆ ಏರಿತು. ಅದೇ ಅವಧಿಯಲ್ಲಿ ಒಂದು ಕಿಲೋ ಹಂದಿಗೆ ಬಳಸಿದ ಆ್ಯಂಟಿಬಯಾಟಿಕ್ ಸುಮಾರು 100 ಮಿಲಿಗ್ರಾಂನಿಂದ 49ಕ್ಕೆ ಇಳಿಯಿತು. ಸ್ವೀಡನ್ 1986ರಲ್ಲೇ ಈ ದಾರಿ ಹಿಡಿದಿತ್ತು. ಯುರೋಪಿಯನ್ ಒಕ್ಕೂಟ 2006ರಲ್ಲಿ, ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಿಗಳ ಮಟ್ಟಿಗೆ ಅಮೆರಿಕ 2017ರಲ್ಲಿ, ಚೀನಾ 2020ರಲ್ಲಿ ಹಿಂಬಾಲಿಸಿದವು. ಅಡ್ಡಿಯನ್ನು ಔಷಧಿಯಿಂದ ಮರೆಮಾಚುವುದು ಬೇರೆ, ಅಡ್ಡಿ ಹುಟ್ಟುವ ಜಾಗವನ್ನೇ ಸರಿಪಡಿಸುವುದು ಬೇರೆ. ಪರಿಣಾಮ ಎರಡರಲ್ಲೂ ಒಂದೇ, ಎರಡನೆಯದಕ್ಕೆ ಸಾಲ ಉಳಿಯುವುದಿಲ್ಲ.

ಮೂರನೇ ಗುಂಪಿನ ರಾಕ್ಟೊಪಮೈನ್ ಕೊರತೆಯನ್ನೂ ತುಂಬುವುದಿಲ್ಲ, ರೋಗಾಣುವನ್ನೂ ಮುಟ್ಟುವುದಿಲ್ಲ. ಹೆದರಿಕೆ ಅಥವಾ ಓಟದ ಹೊತ್ತಿನಲ್ಲಿ ದೇಹ ಸುರಿಸುವ ಅಡ್ರಿನಾಲಿನ್ ವರ್ಗದ ಹಾರ್ಮೋನುಗಳು ಕೂರುವ ಬೀಟಾ ಗ್ರಾಹಕಗಳಲ್ಲಿ ಇದು ಹೋಗಿ ಕೂರುತ್ತದೆ. ಕೊಬ್ಬಿನ ಜೀವಕೋಶಕ್ಕೆ ಶೇಖರಣೆ ಕಡಿಮೆ ಮಾಡುವ, ಸ್ನಾಯುವಿಗೆ ಪ್ರೋಟೀನ್ ಕಟ್ಟುವ ಸೂಚನೆ ಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರ ಡಿಸೆಂಬರ್‌ನಲ್ಲಿ ಇದನ್ನು ಪೇಲೀನ್ ಎಂಬ ಹೆಸರಿನಲ್ಲಿ ಒಪ್ಪಿತು. ಒಂದು ಟನ್ ಆಹಾರಕ್ಕೆ ಐದರಿಂದ ಹತ್ತು ಗ್ರಾಂ ಬೆರೆಸಿ, ಕಸಾಯಿಖಾನೆಗೆ ಹೋಗುವ ಮುಂಚಿನ ನಾಲ್ಕೈದು ವಾರ ತಿನ್ನಿಸಿದರೆ ದಿನದ ತೂಕ ಏರಿಕೆ ಸುಮಾರು ಶೇ. 10 ಹೆಚ್ಚುತ್ತದೆ, ಆಹಾರದ ಖರ್ಚು ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕೊನೆಯ ವಾರಗಳಲ್ಲೇ ಏಕೆ? ಸದಾ ಒತ್ತಡದಲ್ಲಿಟ್ಟ ಗ್ರಾಹಕಗಳು ಕೆಲ ವಾರಗಳಲ್ಲಿ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ, ಪರಿಣಾಮ ಇಳಿಯುತ್ತದೆ. ಇನ್ನೂ ಮುಖ್ಯವಾದ ಸಂಗತಿ ಅದರ ಲೇಬಲ್‌ನಲ್ಲಿತ್ತು: ಆಹಾರದಲ್ಲಿ ಕನಿಷ್ಠ ಶೇ. 16 ಪ್ರೋಟೀನ್ ಇರಬೇಕು. ವಯಸ್ಸಿಗೆ ತಕ್ಕಂತೆ ಲೈಸಿನ್ ಇಳಿಸಬೇಕಾದ ಹಂತದಲ್ಲಿ ಅದನ್ನು ಏರಿಸಬೇಕಾಗುತ್ತದೆ. ಸ್ನಾಯು ಕಟ್ಟು ಎಂಬ ಆದೇಶ ಎಷ್ಟೇ ಬಲವಾಗಿದ್ದರೂ ಕಟ್ಟುವ ಸಾಮಗ್ರಿ ಆಹಾರದಿಂದಲೇ ಬರಬೇಕು.

ಈ ಪುಡಿಯ ಪರವಾದ ಅತ್ಯುತ್ತಮ ವಾದ ಪರಿಸರದ್ದು. ಕಡಿಮೆ ಆಹಾರದಲ್ಲಿ ಅಷ್ಟೇ ಮಾಂಸ ಬಂದರೆ ಕಡಿಮೆ ಹೊಲ, ಕಡಿಮೆ ಗೊಬ್ಬರ, ಕಡಿಮೆ ಮಾಲಿನ್ಯ. ವಾದ ಸರಿಯೇ, ಪ್ರಮಾಣವನ್ನು ಮಾತ್ರ ಲೆಕ್ಕ ಹಾಕಬೇಕು. ಕೊನೆಯ ನಾಲ್ಕು ವಾರ ದಿನಕ್ಕೆ ಮೂರು ಕಿಲೋದಂತೆ ಹಂದಿ 80 ಕಿಲೋ ಆಸುಪಾಸು ತಿನ್ನುತ್ತದೆ. ಅದರಲ್ಲಿ ಹತ್ತನೇ ಒಂದು ಉಳಿದರೆ ಎಂಟು ಕಿಲೋ. ಹುಟ್ಟಿದಂದಿನಿಂದ ಮಾರುವ ತನಕ ಹಂದಿ ತಿನ್ನುವ 250-300 ಕಿಲೋ ಆಹಾರದಲ್ಲಿ ಅದು ಶೇಕಡಾ ಮೂರರಷ್ಟು. ಅಮೈನೊ ಆಮ್ಲಗಳನ್ನು ಸರಿಯಾಗಿ ಹೊಂದಿಸಿದರೆ ಜೀವಮಾನವಿಡೀ ಸಿಗುವ ಲಾಭದೆದುರು ಇದು ದೊಡ್ಡದೇನಲ್ಲ. ಬೆಲೆ ತೆರುವವರು ಯಾರು ಎಂದರೆ ಇಲ್ಲಿ ಮೊದಲು ಹಂದಿಯೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ರಾಕ್ಟೊಪಮೈನ್ ತಿಂದ ಹಂದಿಗಳ ಎದೆಬಡಿತ ಹೆಚ್ಚಿದ್ದು, ಅವನ್ನು ಅಟ್ಟಿಕೊಂಡು ಹೋಗುವುದು ಕಷ್ಟವಾದದ್ದು ದಾಖಲಾಯಿತು. ಸಾಗಣೆಯಲ್ಲಿ ಬಳಲಿ ಕುಸಿದು ಏಳಲಾರದ ಹಂದಿಗಳ ಅಪಾಯ ಹೆಚ್ಚೆಂಬ ಎಚ್ಚರಿಕೆ ಉತ್ಪನ್ನದ ಲೇಬಲ್‌ನಲ್ಲೇ ಸೇರಿತು. ಓಡುವ ಹೊತ್ತಿನ ಹಾರ್ಮೋನಿನ ಸೂಚನೆಯನ್ನು ನಿಂತ ಪ್ರಾಣಿಗೆ ವಾರಗಟ್ಟಲೆ ಕೊಟ್ಟು, ಬಳಿಕ ಅದನ್ನು ಲಾರಿಗೆ ಹತ್ತಿಸಿದರೆ ಇದು ಅನಿರೀಕ್ಷಿತವಲ್ಲ.

ತಿನ್ನುವವರ ಸುರಕ್ಷತೆಯ ಪ್ರಶ್ನೆಯನ್ನು ಗೊಂದಲ ಮಾಡಿದ್ದು ಇದೇ ವರ್ಗದ ಕ್ಲೆನ್‌ಬ್ಯುಟೆರಾಲ್. ಆಸ್ತಮಾಕ್ಕೂ ಬಳಸುವ ಈ ಔಷಧಿ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. 1990ರಲ್ಲಿ ಸ್ಪೇನ್‌ನಲ್ಲಿ ಇದರ ಶೇಷವಿದ್ದ ದನದ ಯಕೃತ್ತು ತಿಂದು 135 ಮಂದಿ ನಡುಕ, ಎದೆಬಡಿತಗಳಿಂದ ನರಳಿದರು. ಚೀನಾದಲ್ಲಿ ‘ತೆಳುಮಾಂಸದ ಸಾರ’ ಎಂಬ ಹೆಸರಿನಲ್ಲಿ ಕಾಳಸಂತೆಯಲ್ಲಿ ಹಬ್ಬಿ, 2011ರಲ್ಲಿ ಹೆನಾನ್ ಪ್ರಾಂತದಲ್ಲಿ ದೊಡ್ಡ ಹಗರಣವಾಯಿತು. ರಾಕ್ಟೊಪಮೈನ್ ಬೇಗ ಹೊರಹೋಗುವ ವಸ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ. ಕೋಡೆಕ್ಸ್ ಒಪ್ಪಿದ ಮಿತಿ ಒಂದು ಕಿಲೋ ಮಾಂಸಕ್ಕೆ 10 ಮೈಕ್ರೊಗ್ರಾಂ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಮೈಕ್ರೊಗ್ರಾಂವರೆಗೆ ಅಡ್ಡಿಯಿಲ್ಲ ಎಂಬ ತಜ್ಞರ ಲೆಕ್ಕದಂತೆ, 60 ಕಿಲೋ ತೂಗುವವರು ಆ ಗಡಿ ಮುಟ್ಟಲು ದಿನಕ್ಕೆ ಆರು ಕಿಲೋ ಮಾಂಸ ತಿನ್ನಬೇಕು. ಆದರೆ ಈ ಲೆಕ್ಕದ ಬುಡದಲ್ಲಿರುವ ಮನುಷ್ಯರ ಪರೀಕ್ಷೆ ನಡೆದದ್ದು ಆರೇ ಮಂದಿ ಆರೋಗ್ಯವಂತ ಯುವಕರ ಮೇಲೆ. ಸುರಕ್ಷಿತ ಮಿತಿ ನಿಗದಿಗೆ ಇದು ಸಾಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲೇ ಹೇಳಿತ್ತು. ಎರಡೂ ಕಡೆಯವರು ವಿಜ್ಞಾನದ ಮಾತನ್ನೇ ಆಡುತ್ತಿದ್ದರು. ಒಬ್ಬರು ಅಪಾಯದ ಪುರಾವೆ ಎಲ್ಲಿ ಎಂದರೆ, ಇನ್ನೊಬ್ಬರು ಸುರಕ್ಷತೆಯ ಪುರಾವೆ ಎಲ್ಲಿ ಎಂದರು. 2020ರಲ್ಲಿ ತೈವಾನ್ ಸಂಸತ್ತಿನಲ್ಲಿ ವಿರೋಧ ಪಕ್ಷದವರು ಹಂದಿಯ ಕರುಳನ್ನು ಎರಚಿ ಪ್ರತಿಭಟಿಸುವ ತನಕ ಈ ಜಗಳ ಬೆಳೆಯಿತು. ಅಮೆರಿಕದಲ್ಲಿ ಜೆಬಿಎಸ್ ಮತ್ತು ಟೈಸನ್ ಕಂಪನಿಗಳು 2019ರಲ್ಲಿ ಈ ಪುಡಿಯನ್ನು ಕೈಬಿಡುವುದಾಗಿ ಸಾರಿದವು. ಹೊಸ ಸಂಶೋಧನೆ ಅದಕ್ಕೆ ಕಾರಣವಲ್ಲ. ಆಫ್ರಿಕನ್ ಹಂದಿಜ್ವರದಿಂದ ಚೀನಾದಲ್ಲಿ ಮಾಂಸದ ಅಭಾವ ಬಂದಿತ್ತು, ಚೀನಾ ಈ ಪುಡಿ ಮುಟ್ಟಿದ ಮಾಂಸವನ್ನು ಕೊಳ್ಳುತ್ತಿರಲಿಲ್ಲ.

ಎಲ್ಲ ಪೂರಕಗಳೂ ಇಷ್ಟು ಸ್ಪಷ್ಟ ಫಲ ಕೊಡುವುದಿಲ್ಲ. 1993ರಲ್ಲಿ ಲೂಸಿಯಾನದ ಸಂಶೋಧಕರು ಕ್ರೋಮಿಯಂ ಪಿಕೊಲಿನೇಟ್ ಬೆರೆಸಿದಾಗ ಬೆನ್ನಿನ ನೆಣ ತೆಳುವಾಗಿ ಸ್ನಾಯು ಹಿಗ್ಗಿದ್ದನ್ನು ವರದಿ ಮಾಡಿದರು. ಮುಂದಿನ ಪ್ರಯೋಗಗಳಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ. ಬೀಟೇನ್, ಕಾರ್ನಿಟಿನ್‌ಗಳದ್ದೂ ಇದೇ ಪಾಡು. ಇದರಿಂದ ಪೋಷಣಾ ವಿಜ್ಞಾನವೇ ನಂಬಲರ್ಹವಲ್ಲ ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಕೊರತೆ ಇದ್ದಲ್ಲಿ ಮಾತ್ರ ಇಂಥ ಪೂರಕ ಫಲಿಸುತ್ತದೆ ಎಂಬುದು ನಿಜವಾದರೆ, ಆಹಾರದಿಂದ ಆಹಾರಕ್ಕೆ, ತಳಿಯಿಂದ ತಳಿಗೆ ಫಲಿತಾಂಶ ಬದಲಾಗಲೇಬೇಕು. ಎಲ್ಲ ಹಂದಿಗಳಿಗೂ ಎಲ್ಲ ಕಡೆಯೂ ಫಲಿಸುತ್ತದೆ ಎನ್ನುವ ಪುಡಿಯನ್ನೇ ಹೆಚ್ಚು ಅನುಮಾನಿಸಬೇಕು.

ತೆಳುಮಾಂಸ ಎಂಬ ಗುರಿಯನ್ನೂ ಪ್ರಶ್ನಿಸದೆ ಬಿಡಬಾರದು. ಅತಿ ಮಾಂಸಲವಾದ ಪಿಯೆತ್ರೇನ್ ತಳಿಯ ಹಂದಿಗಳು ಸಣ್ಣ ಗಾಬರಿಗೂ ಮೈ ಸೆಟೆದು ಸಾಯುತ್ತಿದ್ದವು; ಅವುಗಳ ಮಾಂಸ ಬಿಳಿಚಿ, ಮೆತ್ತಗಾಗಿ ನೀರು ಬಿಡುತ್ತಿತ್ತು. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹರಿವನ್ನು ನಿಯಂತ್ರಿಸುವ ಜೀನಿನ ಒಂದು ಅಕ್ಷರದೋಷ ಇದಕ್ಕೆ ಕಾರಣವೆಂದು 1991ರಲ್ಲಿ ಟೊರಾಂಟೊದ ವಿಜ್ಞಾನಿಗಳು ಪತ್ತೆ ಮಾಡಿದರು. ರುಚಿ, ಮೃದುತ್ವಗಳಿಗೆ ಕಾರಣವಾದ, ಸ್ನಾಯುವಿನ ಎಳೆಗಳ ನಡುವಿನ ಕೊಬ್ಬು ತೆಳುವಾದ ಹಂದಿಯಲ್ಲಿ ಕಡಿಮೆ. ಬೇಕೆಂದೇ ಲೈಸಿನ್ ಕಡಿಮೆ ಕೊಟ್ಟರೆ ಆ ಕೊಬ್ಬು ಹೆಚ್ಚುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡ ಸಂಗತಿ. ಸ್ಪೇನ್‌ನ ಐಬೀರಿಯನ್ ಹಂದಿಗಳು ಓಕ್ ಕಾಡಿನಲ್ಲಿ ಉದುರಿದ ಕಾಯಿ ತಿಂದು, ಒಲೀಯಿಕ್ ಆಮ್ಲ ತುಂಬಿದ ನೆಣ ಬೆಳೆಸಿಕೊಂಡು, ಜಗತ್ತಿನ ಅತಿ ದುಬಾರಿ ಹ್ಯಾಮ್ ಆಗುತ್ತವೆ. ಒಬ್ಬರ ಲೆಕ್ಕದ ನಷ್ಟ ಇನ್ನೊಬ್ಬರ ಲೆಕ್ಕದ ಸರಕು. ಕಾಚಂಪುಳಿ ಹಾಕಿ ಕುದಿಸುವ ಕೊಡಗಿನ ಪಂದಿ ಕರಿಗೂ ನೆಣದ ಪದರವಿಲ್ಲದ ಮಾಂಸ ಒಗ್ಗುವುದಿಲ್ಲ.

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು. ಅಸ್ಸಾಂನದು ಮೊದಲ ಸ್ಥಾನವಾಗಿತ್ತು. ಬೆಂಗಳೂರು, ಮಂಗಳೂರುಗಳ ಸುತ್ತಮುತ್ತ ಸಾಕುವ ಹಂದಿಗಳಲ್ಲಿ ಅನೇಕವು ಹೋಟೆಲು, ಹಾಸ್ಟೆಲುಗಳ ಮುಸುರೆಯ ಮೇಲೆ ಬೆಳೆಯುತ್ತವೆ. ಅನ್ನ, ಎಣ್ಣೆ, ಸಾರಿನ ನೀರು ತುಂಬಿದ ಮುಸುರೆಯಲ್ಲಿ ಶಕ್ತಿ ಧಾರಾಳ, ಲೈಸಿನ್ ಕಡಿಮೆ, ಖನಿಜಗಳು ಅಸ್ತವ್ಯಸ್ತ. ಅಂಥ ಹಂದಿ ನಿಧಾನ ಬೆಳೆದು ಬೇಗ ಕೊಬ್ಬುವುದಕ್ಕೆ ತಳಿಯನ್ನು ದೂರಬೇಕಿಲ್ಲ. ಬೇಕಾದ ಅಮೈನೊ ಆಮ್ಲ ಮುಗಿದ ಮೇಲೆ ಉಳಿದ ಅನ್ನ ಸೇರುವ ಜಾಗ ನೆಣವೇ. ಬೆಳವಣಿಗೆಯ ಪುಡಿ ಹುಡುಕುವ ಸಾಕಣೆದಾರರಿಗೆ ಪೋಷಣಾ ವಿಜ್ಞಾನ ಕೊಡುವ ಸಲಹೆ ಒಂದು ಕ್ರಮದ್ದು. ಮುಸುರೆಯನ್ನು ಚೆನ್ನಾಗಿ ಕುದಿಸುವುದು, ಒಂದಿಷ್ಟು ಸೋಯಾ ಹಿಂಡಿ ಮತ್ತು ಖನಿಜ ಮಿಶ್ರಣ ಸೇರಿಸುವುದು, ಮರಿಗೆ ಕಬ್ಬಿಣ ಕೊಡುವುದು, ನೆಲ ಒಣಗಿರುವಂತೆ ನೋಡಿಕೊಳ್ಳುವುದು ಮೊದಲು. ಇವಿಷ್ಟೂ ಆದ ಮೇಲೆ ಉಳಿಯುವ ಲಾಭಕ್ಕಾಗಿ ಇನ್ನೊಂದು ಪುಡಿ ಬೇಕೆನಿಸಿದರೆ, ಅದು ಯಾವ ಕೊರತೆಯನ್ನು ತುಂಬುತ್ತದೆ ಎಂದು ಮಾರುವವನನ್ನು ಕೇಳಬಹುದು. ಅವನು ಆಹಾರದಲ್ಲಿ ಅಳೆದು ತೋರಿಸಬಲ್ಲ ಕೊರತೆಯೊಂದನ್ನು ಹೆಸರಿಸಿದರೆ ಹಣ ಕೊಡಬಹುದು. ಹೆಸರಿಸಲಾರದೆ ತೂಕ ಮಾತ್ರ ಖಂಡಿತ ಏರುತ್ತದೆ ಎಂದರೆ, ಆ ತೂಕದ ಬೆಲೆ ಬೇರೆ ಯಾರದೋ ಹೆಸರಿಗೆ ಬರೆದಿದೆ ಎಂದೇ ತಿಳಿಯಬೇಕು.